ಕಟ್ ಆದದ್ದಲ್ಲ, ಕಟ್ ಮಾಡಿದ್ದು!

ನಮಸ್ಕಾರ. ಇವತ್ತು ಬೇಕಲ ಕೋಟೆಯ ವಿಡಿಯೋ ಹಾಕ್ತೇನೆ ಅಂತ ಹೇಳಿದ್ದೆ, ಅದು ಆಚೆ ಇರಲಿ. ತಲೆ ಬಿಸಿಯಾಗಿದೆ. ಹೋದ ವಾರ ಯಕ್ಷಗಾನದ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಕೋಣೆಯಲ್ಲಿ, ತೆಗೆದ ಫೋಟೋ ಹಾಕಿದ್ದೆನಲ್ಲ, ರಾಕ್ಷಸನ ಪಾತ್ರದ ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ, ಅಂದ್ರೆ ಹಿಟ್ಟಿನ ಮುಳ್ಳು, ಇಡುವುದು? ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: 'ಅರ್ಧ ಮುಖ ಕಟ್ ಆಗಿದೆ. ನನ್ನ ಮೊಬೈಲಲ್ಲಿ ಇದಕ್ಕಿಂತ ಚಂದ ಬರ್ತದೆ. ಬಟನ್ ಒತ್ತುವುದು ಎಂತ ಕಲೆ?'

ಕಟ್ ಆದದ್ದಲ್ಲ ಮಾರಾಯ್ರೆ, ಕಟ್ ಮಾಡಿದ್ದು!

ಆ ಚೌಕಿಯಲ್ಲಿ ಏನೆಲ್ಲ ಇತ್ತು ಗೊತ್ತುಂಟಾ? ಟ್ಯೂಬ್‌ಲೈಟು, ಪ್ಲಾಸ್ಟಿಕ್ ಕುರ್ಚಿ, ಚಾರ್ಜಿಗಿಟ್ಟ ಮೊಬೈಲುಗಳು, ಕಿರೀಟದ ಪಕ್ಕ ಅರ್ಧ ಕುಡಿದ ಚಾ. ಎಲ್ಲ ಬಿಟ್ಟೆ. ಉಳಿದದ್ದು ಒಂದು ಕೆನ್ನೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಇಟ್ಟ ಬಿಳಿ ಮುಳ್ಳುಗಳ ಸಾಲು. ಇನ್ನೊಂದನ್ನು ಇಡಲು ಹೊರಟ ಕಡ್ಡಿಯ ತುದಿಯಲ್ಲಿ ಒದ್ದೆ ಹಿಟ್ಟು. ಅಷ್ಟೇ. ಚಿತ್ರ ಬರೆಯುವವನಿಗೆ ಖಾಲಿ ಹಾಳೆ ಸಿಗ್ತದೆ, ಬೇಕಾದ್ದನ್ನು ಸೇರಿಸ್ತಾ ಹೋಗ್ತಾನೆ. ನಮ್ಮ ಫ್ರೇಮಿಗೆ ಲೋಕವೆಲ್ಲ ಕರೆಯದೇ ಬಂದು ಕೂತಿರ್ತದೆ. ಒಬ್ಬೊಬ್ಬರನ್ನೇ ಹೊರಗೆ ಕಳಿಸಬೇಕು. ಫೋಟೋ ಕಲೆಯಾಗುವುದು ಬಿಟ್ಟದ್ದರಿಂದ.

'ಮೆಷಿನ್ ತೆಗೆಯುವುದಲ್ವಾ' ಅನ್ನುವವರು ಹಿಂದಿನಿಂದಲೂ ಇದ್ದಾರೆ. ನ್ಯೂಯಾರ್ಕಿನ ಫೋಟೋಗ್ರಾಫರ್ ನೆಪೋಲಿಯನ್ ಸರೋನಿ 1882ರಲ್ಲಿ ಸಾಹಿತಿ ಆಸ್ಕರ್ ವೈಲ್ಡ್‌ನ ಫೋಟೋ ತೆಗೆದರು. ಒಂದು ಕಂಪೆನಿ ಅದನ್ನು ಕೇಳದೆ 85,000 ಪ್ರತಿ ಅಚ್ಚು ಹಾಕಿತು. ಕೋರ್ಟಿಗೆ ಹೋದರೆ, ಕ್ಯಾಮೆರಾ ಮಾಡಿದ ಕೆಲಸಕ್ಕೆ ಇವರಿಗೆಂಥ ಹಕ್ಕು ಅಂತ ವಾದ! 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಹೇಗೆ ಕೂರಿಸುವುದು, ಯಾವ ಬಟ್ಟೆ, ಯಾವ ಪರದೆ, ಬೆಳಕು ಎಲ್ಲಿ, ನೆರಳು ಎಲ್ಲಿ, ಎಲ್ಲ ಸರೋನಿಯ ತಲೆಯಿಂದ ಬಂದದ್ದು, ಹಕ್ಕು ಅವರದ್ದೇ. ನಮ್ಮ ಕಮೆಂಟಿನವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ ಗೊತ್ತಾ? 1930ರಲ್ಲಿ ಒಂದು ದೊಣ್ಣೆಮೆಣಸಿನ ಫೋಟೋ ತೆಗೆದರು. ಸಂತೆಯಲ್ಲಿ ಸಿಗುವ ದೊಣ್ಣೆಮೆಣಸೇ. ಅದನ್ನು ತಗಡಿನ ಲಾಳಿಕೆಯೊಳಗೆ ಇಟ್ಟರು. ಅಲ್ಲಿಗೆ ಮೇಜು ಹೋಯ್ತು, ಗೋಡೆ ಹೋಯ್ತು, ಅಡುಗೆಮನೆಯೇ ಹೋಯ್ತು. ಈಗ ನೋಡಿದರೆ ಬೆನ್ನು ಬಾಗಿಸಿ ಕೂತ ಪೈಲ್ವಾನನ ಹಾಗೆ ಕಾಣ್ತದೆ. ಬಿಟ್ಟದ್ದು ಸ್ವಾಮಿ, ಬಿಟ್ಟದ್ದು!

ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ರೈನ್ ನದಿಯ ಫೋಟೋ ಮಾಡಿದರು. ದಡದಲ್ಲಿದ್ದ ಕಟ್ಟಡವನ್ನೂ ಜನರನ್ನೂ ಕಂಪ್ಯೂಟರಿನಲ್ಲಿ ಅಳಿಸಿ, ಬರೀ ಹುಲ್ಲು, ನೀರು, ಆಕಾಶ ಉಳಿಸಿದರು. 2011ರಲ್ಲಿ ಅದು 43 ಲಕ್ಷ ಡಾಲರಿಗೆ ಹೋಯಿತು. 'ಅದು ಮೋಸ ಅಲ್ವಾ' ಅಂತೀರಾ? ಕಣ್ಣಲ್ಲಿ ಬಿಟ್ಟರೂ ಬಿಟ್ಟದ್ದೇ, ಕಂಪ್ಯೂಟರಲ್ಲಿ ಬಿಟ್ಟರೂ ಬಿಟ್ಟದ್ದೇ. ಮುಂದೆ ಹೋಗುವ.

ನನ್ನ ಸ್ನೇಹಿತನೊಬ್ಬ ಕೇಳಿದ, 'ಹಾಗಾದ್ರೆ ಲೆನ್ಸಿನ ಮುಚ್ಚಳ ತೆಗೀದೆ ಎಲ್ಲವನ್ನೂ ಬಿಟ್ರೆ ಅದು ಮಹಾಕಲೆಯಾ?' ಅವನಿಗೆ ಚಾ ಕೊಡಿಸುವುದು ನಿಲ್ಲಿಸಿದ್ದೇನೆ.

ಹಾಂ, ಚಾ ಅಂದಾಗ ನೆನಪಾಯ್ತು. ಪತ್ತನಾಜೆ, ಅಂದ್ರೆ ಮೇ ಕೊನೆಯಲ್ಲಿ ಆಟಗಳೆಲ್ಲ ಮುಗಿಯುವ ದಿನ, ಕಳೆದು ಯಕ್ಷಗಾನ ಮೇಳಗಳು ಒಳಗೆ ಸೇರಿದ ಮೇಲೆ ಕುಂಬಳೆಯಲ್ಲಿ ನನ್ನ ಫೋಟೋ ಕ್ಲಾಸು ಉಂಟು. ಮೊಬೈಲ್ ತಂದರೂ ಸಾಕು. ಫೀಸು ಕೇಳಿ ಓಡಬೇಡಿ, ಗೋಳಿಬಜೆ ಅದರಲ್ಲೇ ಸೇರಿದೆ.

ಎಲ್ಲಿದ್ದೆ? ಬೇಕಲ. ಸಂಜೆ ಹೋಗಿ ನೋಡಿ. ಎಲ್ಲರದ್ದೂ ಅದೇ ಕೊತ್ತಳ, ಅದೇ ಸಮುದ್ರ, ಅಂಗೈ ಮೇಲೆ ಸೂರ್ಯ! ಸೂರ್ಯನನ್ನು ಒಂದು ದಿನ ಬಿಡಿ ಮಾರಾಯ್ರೆ! ಮದುವೆ ಆಲ್ಬಮ್ಮಿನಲ್ಲಿ ಹುಡುಗಿಯ ತಲೆಯ ಸುತ್ತ ಗುಲಾಬಿ, ಗುಲಾಬಿಯ ಸುತ್ತ ಪಾರಿವಾಳ. ಬಿಡಿ! ದೇವಸ್ಥಾನದ ಫೋಟೋಕ್ಕೆ ನೇರಳೆ ಆಕಾಶ. ನಮ್ಮೂರಲ್ಲಿ ನೇರಳೆ ಆಕಾಶ ಯಾರು ನೋಡಿದ್ದೀರಿ? ಬಿಡಿ ಅಂದ್ರೆ ಬಿಡಿ!

ಇನ್ನು ವಾಟರ್‌ಮಾರ್ಕ್. ದೈವದ ಮುಖದ ಮೇಲೆಯೇ ಸ್ಟುಡಿಯೋದ ಹೆಸರು, ಫೋನ್ ನಂಬರು ಸಮೇತ. ಅದರ ಬಗ್ಗೆ ಮಾತಾಡಿದ್ರೆ ನನ್ನ ಬಿಪಿ ಏರ್ತದೆ, ಮುಂದಿನ ವಾರಕ್ಕೆ ಇರಲಿ. ಸಬ್‌ಸ್ಕ್ರೈಬ್ ಮಾಡಿ. ಕಮೆಂಟ್ ಹಾಕಿ, ಬೈದೇ ಹಾಕಿ, ಎರಡು ಬೈಗಳು ಬಂದ್ರೆ ನನಗೆ ಒಂದು ವಿಡಿಯೋ ಆಗ್ತದೆ.