ಪಿಕಪ್‌ಗೆ ಹೊಸ ರಿಮ್: ಮೊದಲು ಹಿಂಬದಿ ಓದಿ

ಕೇಳುಗರೇ, ನಮಸ್ಕಾರ.

ಪಿಕಪ್ ಗಾಡಿಗೆ ಬೇರೆ ರಿಮ್ ಹಾಕಿಸಬೇಕು ಅಂತ ಹೊರಟವರಿಗೆ ಇವತ್ತಿನ ಮಾತು. ಕಾರಣ ಏನಾದರೂ ಇರಬಹುದು. ಗುಂಡಿಗೆ ಬಿದ್ದು ಒಂದು ರಿಮ್ ಬೆಂಡಾಗಿರಬಹುದು. ತುಕ್ಕು ಹಿಡಿದು ಗಾಳಿ ನಿಲ್ಲದೇ ಇರಬಹುದು. ಅಥವಾ ಗಾಡಿ ನೋಡೋಕೆ ಚೆನ್ನಾಗಿರಲಿ ಅನ್ನೋ ಆಸೆ ಇರಬಹುದು. ಅದರಲ್ಲೇನೂ ತಪ್ಪಿಲ್ಲ ಬಿಡಿ. ತೊಂದರೆ ಶುರುವಾಗುವುದು ಅಂಗಡಿಯಲ್ಲಿ. ಅಲ್ಲಿ ರಿಮ್‌ಗಳನ್ನು ಮುಖ ಹೊರಗೆ ಮಾಡಿ ಸಾಲಾಗಿ ತೂಗುಹಾಕಿರುತ್ತಾರೆ. ಬಣ್ಣ ನೋಡಿ, ಕಡ್ಡಿಗಳ ಡಿಸೈನು ನೋಡಿ ನಾವು ಮನಸ್ಸು ಮಾಡಿಬಿಡುತ್ತೇವೆ. ಆದರೆ ಆ ರಿಮ್ ನಮ್ಮ ಗಾಡಿಗೆ ಕೂರುತ್ತೋ ಇಲ್ಲವೋ, ನಮ್ಮ ಲೋಡು ತಡೆಯುತ್ತೋ ಇಲ್ಲವೋ ಅನ್ನುವುದೆಲ್ಲ ಬರೆದಿರುವುದು ಹಿಂಬದಿಯಲ್ಲಿ. ತಿರುಗಿಸಿ ನೋಡುವವರು ಬಹಳ ಕಡಿಮೆ.

ಹತ್ತಿರ ಪೆನ್ನು, ಕಾಗದ ಇದ್ದರೆ ಇಟ್ಟುಕೊಳ್ಳಿ. ಸ್ವಲ್ಪ ಅಂಕಿಗಳು ಬರುತ್ತವೆ.

ಒಂದು ಅಲಾಯ್ ರಿಮ್ಮನ್ನು ಮಗುಚಿ ಹಾಕಿದ್ದೀರಿ ಅಂದುಕೊಳ್ಳಿ. ಧೂಳು ಒರೆಸಿದರೆ ಕಡ್ಡಿಗಳ ಹಿಂದೆ, ನಟ್ ತೂತುಗಳ ಸುತ್ತಮುತ್ತ ಉಬ್ಬು ಅಕ್ಷರಗಳು ಕಾಣುತ್ತವೆ. 17 ಇಂಟು 7.5 ಜೆ. ಅದರ ಪಕ್ಕ 6, ಒಂದು ಗೀಟು, 139.7. ಇನ್ನೊಂದು ಕಡೆ ಇಟಿ 30. ಎಲ್ಲೋ ಮೂಲೆಯಲ್ಲಿ ಮ್ಯಾಕ್ಸ್ ಲೋಡ್ ಅಂತ ಕೆ.ಜಿ. ಲೆಕ್ಕ. ಇಷ್ಟು ಓದೋಕೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

17 ಅಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. 7.5 ಅಗಲ, ಅದೂ ಇಂಚಿನಲ್ಲೇ. ಜೆ ಅನ್ನುವುದು ಅಂಚಿನ ಆಕಾರದ ಗುರುತು. ಒಂದು ವಿಷಯ ಗೊತ್ತಿರಲಿ. ಈ 17 ಇಂಚನ್ನು ಅಳೆಯುವುದು ಟೈರಿನ ಅಂಚು ಒಳಗೆ ಕೂರುವ ಜಾಗದಿಂದ. ಮನೆಯಲ್ಲಿ ಟೇಪ್ ಹಿಡಿದು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಸುಮಾರು ಒಂದು ಇಂಚು ಜಾಸ್ತಿ ಬರುತ್ತದೆ. ಅದನ್ನು ನಂಬಿ 18ರ ಟೈರ್ ತರಿಸಿದರೆ ವಾಪಸ್ ಕಳಿಸಬೇಕಾಗುತ್ತದೆ.

ಇನ್ನು 6 ಮತ್ತು 139.7. ಆರು ಸ್ಟಡ್‌ಗಳು, ಅಂದರೆ ನಟ್ ಹಾಕಿ ತಿರುಗಿಸುವ ಬೋಲ್ಟುಗಳು. ಆ ಆರರ ನಡುಮಧ್ಯದ ಮೇಲೆ ಒಂದು ವೃತ್ತ ಎಳೆದರೆ ಅದರ ವ್ಯಾಸ 139.7 ಮಿಲಿಮೀಟರ್, ಅಂದರೆ ಐದೂವರೆ ಇಂಚು. ಇದನ್ನೇ ಪಿಸಿಡಿ ಅನ್ನುತ್ತಾರೆ. ಟೊಯೊಟಾ ಹೈಲಕ್ಸ್, ಈಗಿನ ಫೋರ್ಡ್ ರೇಂಜರ್, ಶೆವ್ರೊಲೆ ಸಿಲ್ವೆರಾಡೊ 1500, ಹೀಗೆ ಎಷ್ಟೋ ಪಿಕಪ್‌ಗಳಲ್ಲಿ ಇದೇ ಅಳತೆ ಇದೆ. ಹಾಗಂತ ಆರು ನಟ್ ಇರುವ ಪಿಕಪ್ ಎಲ್ಲ ಒಂದೇ ಅಂದುಕೊಳ್ಳಬೇಡಿ. ಫೋರ್ಡ್‌ನ ಎಫ್-150 ನೋಡಿ. 2004ರ ಮಾಡೆಲ್‌ನಿಂದ ಈಚೆಗೆ ಅದರದು 6 ನಟ್, 135. ಇವೆರಡಕ್ಕೂ ವ್ಯತ್ಯಾಸ 4.7 ಮಿಲಿಮೀಟರ್ ಅಷ್ಟೇ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಜೋರು ಮಾಡಿ ನಟ್ ತಿರುಗಿಸಿದರೆ ಒಂದೆರಡು ನಟ್ ಕೂತಂತೆಯೂ ಕಾಣಬಹುದು. ಆದರೆ ಸ್ಟಡ್ ಓರೆಯಾಗಿ ಎಳೆಸಿಕೊಂಡು ನಿಂತಿರುತ್ತದೆ. ಅದು ಯಾವಾಗ ಮುರಿಯುತ್ತದೋ ಹೇಳೋಕಾಗಲ್ಲ.

ಗಾಡಿಯ ಹೆಸರು ಒಂದೇ ಇದ್ದರೂ ವರ್ಷ ಬೇರೆಯಾದರೆ ಅಳತೆ ಬೇರೆಯಾಗಬಹುದು. ರ್‍ಯಾಮ್ 1500ರ ಹಳೆಯ ರೂಪಕ್ಕೆ ಐದು ನಟ್ ಇತ್ತು. 2019ರಲ್ಲಿ ಬಂದ ಹೊಸ ರೂಪಕ್ಕೆ ಆರು. ಟೊಯೊಟಾ ಟಂಡ್ರಾ ಕೂಡ 2022ರ ಮಾಡೆಲ್‌ನಲ್ಲಿ ಐದರಿಂದ ಆರಕ್ಕೆ ಬಂತು. ಅದಕ್ಕೇ ಅಂಗಡಿಯವರಿಗೆ ಗಾಡಿಯ ಹೆಸರು ಹೇಳಿದರೆ ಸಾಲದು, ವರ್ಷವನ್ನೂ ಹೇಳಿ.

ನೀವೇ ಅಳೆಯುವುದಾದರೆ ಆರು ಸ್ಟಡ್‌ನದು ಸುಲಭ. ಎದುರುಬದುರು ಇರುವ ಎರಡು ಸ್ಟಡ್‌ಗಳ ನಡುವಿನಿಂದ ನಡುವಿಗೆ ಅಳತೆ ಹಿಡಿದರೆ ಆಯಿತು. ಐದು ಸ್ಟಡ್ ಇದ್ದರೆ ಎದುರಿಗೆ ಯಾವುದೂ ಸಿಗುವುದಿಲ್ಲ. ಆಗ ಅಕ್ಕಪಕ್ಕದ ಎರಡರ ನಡುವಿನ ದೂರ ಅಳೆದು 1.701ರಿಂದ ಗುಣಿಸಿ.

ಪಿಸಿಡಿ ಹೊಂದಿದ ಮಾತ್ರಕ್ಕೆ ರಿಮ್ ಕೂರುತ್ತದೆಯೇ? ಇಲ್ಲ. ನಡುವೆ ಒಂದು ದೊಡ್ಡ ತೂತು ಇದೆಯಲ್ಲ, ಅದು ಗಾಡಿಯ ಹಬ್ಬಿನ ಮೇಲೆ ಕೂರಬೇಕು. ಹಬ್ ಅಂದರೆ ಚಕ್ರವನ್ನು ಹೊತ್ತು ತಿರುಗುವ ನಡುಭಾಗ. ಹೈಲಕ್ಸ್‌ನ ಹಬ್ ಸುಮಾರು 106 ಮಿಲಿಮೀಟರ್. ಸಿಲ್ವೆರಾಡೊ 1500ರದು ಸುಮಾರು 78. ಎರಡಕ್ಕೂ ಪಿಸಿಡಿ ಒಂದೇ. ಆದರೂ ಸಿಲ್ವೆರಾಡೊದ ಕಂಪನಿ ರಿಮ್ ಹೈಲಕ್ಸ್‌ಗೆ ಏರುವುದೇ ಇಲ್ಲ. ಹಬ್ಬೇ ಅಡ್ಡ ಬರುತ್ತದೆ. ತದ್ವಿರುದ್ಧ ಮಾಡಿದರೆ ಏರುತ್ತದೆ, ಆದರೆ ಸುತ್ತ ಸಂದು ಉಳಿಯುತ್ತದೆ. ಆಗ ರಿಮ್ ನಡುವಿಗೆ ಸರಿಯಾಗಿ ಕೂರಬೇಕಾದರೆ ನಟ್‌ಗಳನ್ನೇ ನಂಬಬೇಕು. ಸ್ವಲ್ಪ ಆಚೀಚೆ ಆಯಿತೋ, ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಹೋಗುವುದಿಲ್ಲ. ಆ ಸಂದು ತುಂಬೋಕೆ ಸೆಂಟರಿಂಗ್ ರಿಂಗ್ ಅಂತ ಸಿಗುತ್ತದೆ. ಅಳತೆ ಸರಿ ಇದ್ದರೆ ಅದು ಒಳ್ಳೆಯ ಪರಿಹಾರವೇ.

ಈಗ ಇಟಿ 30. ನನ್ನ ಲೆಕ್ಕದಲ್ಲಿ ಜನ ಜಾಸ್ತಿ ಎಡವುವುದು ಇಲ್ಲಿ. ಇದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ರಿಮ್‌ನ ಅಗಲದ ಸರಿ ಮಧ್ಯಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಹಬ್ಬಿಗೆ ಅಂಟಿಕೊಳ್ಳುವ ಮೈ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ಆಚೆ ಇದೆ ಅನ್ನುವುದೇ ಆಫ್‌ಸೆಟ್. ಆ ಮೈ ರಸ್ತೆಯ ಕಡೆಗಿದ್ದರೆ ಪ್ಲಸ್, ಗಾಡಿಯ ಒಳಗಿನ ಕಡೆಗಿದ್ದರೆ ಮೈನಸ್. ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ.

ಒಂದು ಲೆಕ್ಕ ಹಾಕೋಣ. ಗಾಡಿಯಲ್ಲಿ ಈಗ ಏಳೂವರೆ ಇಂಚು ಅಗಲದ, ಇಟಿ 30 ಇರುವ ರಿಮ್ ಇದೆ. ನೀವು ಒಂಬತ್ತು ಇಂಚು ಅಗಲದ, ಇಟಿ ಸೊನ್ನೆ ಇರುವ ರಿಮ್ ಇಷ್ಟಪಟ್ಟಿದ್ದೀರಿ. ಹಳೆಯದರ ಅರ್ಧ ಅಗಲ 95 ಮಿಲಿಮೀಟರ್. ಅದರಲ್ಲಿ 30 ಕಳೆದರೆ 65. ಅಂದರೆ ಹಬ್ಬಿನಿಂದ ಹೊರಗೆ 65 ಚಾಚಿತ್ತು. ಹೊಸದರ ಅರ್ಧ ಅಗಲ 114. ಕಳೆಯೋಕೆ ಏನೂ ಇಲ್ಲ, ಹಾಗಾಗಿ ಹೊರಗೆ 114. ಒಂದೊಂದು ಬದಿಗೂ 49 ಮಿಲಿಮೀಟರ್, ಹತ್ತಿರ ಹತ್ತಿರ ಎರಡು ಇಂಚು ಚಕ್ರ ಹೊರಗೆ ಬಂತು. ಒಂದೂವರೆ ಇಂಚು ಜಾಸ್ತಿ ಅಗಲದ ರಿಮ್ ಹಾಕಿಸುತ್ತಿದ್ದೇನೆ ಅಷ್ಟೇ ಅಂದುಕೊಂಡವರಿಗೆ ಇದು ಅಂದಾಜಿಗೇ ಬಂದಿರುವುದಿಲ್ಲ.

ಹೊರಗೆ ಬಂದರೆ ಏನಾಗುತ್ತದೆ? ಮೊದಲು ಕಾಣಿಸುವುದು ಉಜ್ಜಾಟ. ನೇರ ಹೋಗುವಾಗ ಸುಮ್ನೆ ಇರುತ್ತದೆ. ಪೂರ್ತಿ ಸ್ಟೇರಿಂಗ್ ತಿರುಗಿಸಿ ಹಂಪ್ ಹತ್ತಿದಾಗ ಟೈರು ಬಂಪರಿನ ಹಿಂದಕ್ಕೋ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್‌ಗೋ ತಾಗುತ್ತದೆ. ಮಡ್‌ಗಾರ್ಡಿನಿಂದ ಆಚೆ ಟೈರು ಚಾಚಿದರೆ ಕೆಸರು, ಕಲ್ಲು ಬಾಗಿಲಿಗೆ ಬಡಿಯುತ್ತವೆ. ಎಷ್ಟೋ ದೇಶಗಳಲ್ಲಿ ಅದಕ್ಕೆ ದಂಡವೂ ಇದೆ. ಇದಕ್ಕಿಂತ ದೊಡ್ಡ ವಿಷಯ ಕಣ್ಣಿಗೆ ಕಾಣದ್ದು. ಗಾಡಿಯ ಭಾರ ಬೇರಿಂಗ್ ಮೇಲೆ ಎಲ್ಲಿ ಬೀಳಬೇಕು ಅಂತ ಕಂಪನಿಯವರು ಲೆಕ್ಕ ಹಾಕಿರುತ್ತಾರೆ. ಚಕ್ರ ಹೊರಗೆ ಸರಿದರೆ ಆ ಭಾರ ಬೇರಿಂಗನ್ನು ಓರೆಯಾಗಿ ಎಳೆಯೋಕೆ ಶುರು ಮಾಡುತ್ತದೆ. ಬೇರಿಂಗ್, ಬಾಲ್ ಜಾಯಿಂಟ್ ಬೇಗ ಸವೆಯುತ್ತವೆ. ಮುಂದಿನ ಒಂದು ಚಕ್ರ ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋದ ಹಾಗೆ ಎಳೆಯುತ್ತದೆ.

ವೀಲ್ ಸ್ಪೇಸರ್ ಅಂತ ಒಂದು ಬಿಲ್ಲೆ ಮಾರುತ್ತಾರೆ. ರಿಮ್ ಬದಲಿಸದೆ ಹಬ್ಬಿಗೂ ರಿಮ್ಮಿಗೂ ನಡುವೆ ಅದನ್ನು ಹಾಕಿ ಚಕ್ರವನ್ನು ಹೊರಗೆ ತರುವುದು. 25 ಮಿಲಿಮೀಟರ್ ಸ್ಪೇಸರ್ ಹಾಕಿದರೆ ಆಫ್‌ಸೆಟ್ 25 ಕಡಿಮೆ ಆದಂತೆಯೇ. ಬೇರಿಂಗಿನ ಪಾಡೂ ಅದೇ. ಲೋಡು ಹೊರುವ ಗಾಡಿಗೆ ಅದನ್ನು ಹಾಕಿ ಅಂತ ನಾನಂತೂ ಹೇಳುವುದಿಲ್ಲ.

ಕಂಪನಿ ಕೊಟ್ಟ ಆಫ್‌ಸೆಟ್‌ಗೆ ಹತ್ತಿರವೇ ಇರಿ. ಐದು ಹತ್ತು ಮಿಲಿಮೀಟರ್ ಆಚೀಚೆ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಅಂಕಿ ಜಾಸ್ತಿ ಮಾಡುವಾಗಲೂ ಹುಷಾರು. ಚಕ್ರ ಒಳಗೆ ಸರಿದು ಬ್ರೇಕ್ ಕ್ಯಾಲಿಪರ್‌ಗೋ ಸಸ್ಪೆನ್ಷನ್‌ಗೋ ತಾಗಬಹುದು.

ಇನ್ನು ಲೋಡು. ಪಿಕಪ್ ಅಂದ ಮೇಲೆ ಇದೇ ಮುಖ್ಯ, ಅಲ್ವಾ? ಆದರೂ ರಿಮ್ ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ಇದು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರೋ ತಗಡೋ ಇರುತ್ತದೆ. ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ ಸಿಗುತ್ತದೆ. ಮುಂದಿನ ಆಕ್ಸಲ್ ಎಷ್ಟು ಭಾರ ಹೊರಬಹುದು, ಹಿಂದಿನದು ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಹಿಂದಿನದು 1,800 ಕೆ.ಜಿ. ಅಂದುಕೊಳ್ಳಿ. ಎರಡು ಚಕ್ರಕ್ಕೆ ಹಂಚಿದರೆ ಒಂದಕ್ಕೆ 900. ಹೊಸ ರಿಮ್‌ನ ಹಿಂದೆ ಕೆತ್ತಿದ ಅಂಕಿ 900ಕ್ಕಿಂತ ಕಡಿಮೆ ಇರಲೇಬಾರದು. ಸ್ವಲ್ಪ ಜಾಸ್ತಿಯೇ ಇದ್ದರೆ ಒಳ್ಳೆಯದು. ಕಾರಿಗೆ ಅಂತ ಮಾಡಿದ, 690 ಕೆ.ಜಿ. ಅಂತ ಬರೆದ ರಿಮ್ ಅದೇ ಪಿಸಿಡಿಯಲ್ಲಿ ಸಿಕ್ಕಿದರೂ ಬೇಡ. ಖಾಲಿ ಗಾಡಿಯಲ್ಲಿ ಅದು ಏನೂ ಹೇಳುವುದಿಲ್ಲ. ಟ್ರೇ ತುಂಬಿದ ದಿನ ಕಡ್ಡಿಯ ಬುಡದಲ್ಲಿ ಕೂದಲೆಳೆಯ ಬಿರುಕು ಶುರುವಾಗುತ್ತದೆ.

ಜಪಾನಿನ ಮಾನದಂಡದಲ್ಲಿ ಕಾರಿನ ಅಲಾಯ್‌ಗೆ ಜೆಡಬ್ಲ್ಯುಎಲ್ ಅನ್ನೋ ಗುರುತು. ಟ್ರಕ್ಕು, ಬಸ್ಸಿನ ಅಲಾಯ್‌ಗೆ ಜೆಡಬ್ಲ್ಯುಎಲ್-ಟಿ. ಕೊನೆಯ ಆ ಟಿ ಇದೆಯೇ ನೋಡಿ. ಲೋಡಿನ ಅಂಕಿಯನ್ನೇ ಕೆತ್ತಿರದ ರಿಮ್ ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.

ಟೈರಿಗೂ ಇದೇ ಮಾತು. ಟೈರಿನ ಮೇಲಿನ ಲೋಡ್ ಇಂಡೆಕ್ಸ್ 112 ಅಂದರೆ ಒಂದು ಟೈರು 1,120 ಕೆ.ಜಿ. ಹೊರುತ್ತದೆ. 121 ಅಂದರೆ 1,450. ಲೈಟ್ ಟ್ರಕ್ ಟೈರುಗಳಲ್ಲಿ ಕೆಲವಕ್ಕೆ 80 ಪಿಎಸ್ಐವರೆಗೆ ಗಾಳಿ ಹೊಡೆಯುತ್ತಾರೆ. ಆದರೆ ಟಿಆರ್ 413 ಅನ್ನೋ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್ಐಗಷ್ಟೇ ಮಾಡಿದ್ದು. 65ಕ್ಕಿಂತ ಜಾಸ್ತಿ ಗಾಳಿ ಹಾಕುವವರು ಮೆಟಲ್ ವಾಲ್ವ್ ಕೇಳಿ ಹಾಕಿಸಿಕೊಳ್ಳಿ.

ದೊಡ್ಡ ರಿಮ್ ಬೇಕು ಅನ್ನುವವರಿಗೆ ಒಂದು ಮಾತು. ರಿಮ್ ದೊಡ್ಡದಾದರೂ ಟೈರು ಸೇರಿ ಒಟ್ಟು ಎತ್ತರ ಹಳೆಯದರಷ್ಟೇ ಇರಬೇಕು. 265/65 ಆರ್ 17 ಟೈರಿನ ಒಟ್ಟು ಎತ್ತರ 776 ಮಿಲಿಮೀಟರ್. ಇದರಲ್ಲಿ 265 ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಟೈರಿನ ಗೋಡೆ ಆ ಅಗಲದ ನೂರಕ್ಕೆ 65ರಷ್ಟು. 17 ರಿಮ್‌ನ ಇಂಚು. 265/60 ಆರ್ 18ರದು 775. ಎರಡೂ ಒಂದೇ ಅನ್ನಿ. 20 ಇಂಚಿನ ರಿಮ್‌ಗೆ 265/50 ಹಾಕಿದರೂ 773 ಬರುತ್ತದೆ. ಎತ್ತರವೇನೋ ಸರಿಹೋಯಿತು. ಆದರೆ ಟೈರಿನ ಗೋಡೆ 172 ಮಿಲಿಮೀಟರ್ ಇದ್ದದ್ದು 132ಕ್ಕೆ ಇಳಿಯಿತು. ಗುಂಡಿಯ ಏಟು ತಿನ್ನಬೇಕಾದದ್ದು ಆ ಗೋಡೆಯೇ. ಅದು ಗಿಡ್ಡವಾದಷ್ಟೂ ಏಟು ರಿಮ್ಮಿಗೆ. ಕೆಟ್ಟ ರಸ್ತೆಯಲ್ಲಿ ಲೋಡು ಹೊಡೆಯುವ ಗಾಡಿಗೆ 16 ಅಥವಾ 17 ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ತೀರಾ ಚಿಕ್ಕದಕ್ಕೂ ಹೋಗುವಂತಿಲ್ಲ, ಒಳಗೆ ಬ್ರೇಕಿಗೆ ಜಾಗ ಬೇಕು. ಒಟ್ಟು ಎತ್ತರ ನೂರಕ್ಕೆ ಐದರಷ್ಟು ಹೆಚ್ಚಾದರೆ ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಐದು ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ದಿಬ್ಬ ಹತ್ತುವಾಗ ಎಳೆತವೂ ಕಡಿಮೆ.

ಸ್ಟೀಲೋ ಅಲಾಯೋ? ದಿನಾ ಲೋಡು, ಮಣ್ಣುದಾರಿ ಅಂದರೆ ನಾನು ಸ್ಟೀಲ್ ಅನ್ನುತ್ತೇನೆ. ಏಟು ಬಿದ್ದರೆ ಬಾಗುತ್ತದೆ, ಅಂಚನ್ನು ಬಡಿದು ನೆಟ್ಟಗೆ ಮಾಡಿ ಟೈರ್ ಅಂಗಡಿವರೆಗಾದರೂ ಹೋಗಬಹುದು. ಅಲಾಯ್ ಹಾಗಲ್ಲ, ಜೋರು ಏಟಿಗೆ ಬಿರಿಯುತ್ತದೆ. ಬಿರಿದ ಅಲಾಯ್‌ಗೆ ವೆಲ್ಡಿಂಗ್ ಮಾಡಿ, ಮೇಲೆ ಪೇಂಟ್ ಹೊಡೆದು ಸೆಕೆಂಡ್ ಹ್ಯಾಂಡ್ ಮಾರುವವರಿದ್ದಾರೆ. ಒಳ ಮೈಯಲ್ಲಿ ಬೆರಳಾಡಿಸಿ ನೋಡಿ. ಉಬ್ಬು ಗೆರೆ ಕೈಗೆ ಸಿಕ್ಕರೆ, ನಟ್ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬೇಡ ಅನ್ನಿ.

ರಿಮ್ ಆಯ್ಕೆ ಆಯಿತು, ನಟ್ ಮರೆಯಬೇಡಿ. ಕೆಲವು ನಟ್‌ಗಳ ತುದಿ ಶಂಕುವಿನ ಹಾಗೆ ಚೂಪು. ಕೆಲವು ಗುಂಡಗೆ. ಕೆಲವಕ್ಕೆ ಚಪ್ಪಟೆ ವಾಷರ್. ರಿಮ್‌ನ ತೂತೂ ಅದೇ ಆಕಾರದಲ್ಲಿರಬೇಕು. ಚೂಪು ತೂತಿಗೆ ಗುಂಡು ನಟ್ ಹಾಕಿದರೆ ಪಾನಾ ಬಿಗಿಯಾಗಿಯೇ ನಿಲ್ಲುತ್ತದೆ, ಆದರೆ ಒಳಗೆ ನಟ್ ಕೂತಿರುವುದು ಒಂದು ತೆಳು ಗೆರೆಯ ಮೇಲೆ. ಓಡ್ತಾ ಓಡ್ತಾ ಸಡಿಲವಾಗುತ್ತದೆ. ಹೊಸ ರಿಮ್ ಜೊತೆ ಅದಕ್ಕೆ ಹೊಂದುವ ನಟ್ ಸೆಟ್ ಕೇಳಿ ತಗೊಳ್ಳಿ.

ಬಿಗಿ ಮಾಡುವುದು ಟಾರ್ಕ್ ರೆಂಚಿನಲ್ಲಿ, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾದಲ್ಲಿ, ಎದುರುಬದುರು ನಟ್‌ಗಳನ್ನು ಸರದಿಯಂತೆ. ಎಷ್ಟು ಬಿಗಿ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. 2015ರ ಈಚಿನ ಎಫ್-150ಕ್ಕೆ 204 ನ್ಯೂಟನ್ ಮೀಟರ್, 2023ರವರೆಗಿನ ಟೊಯೊಟಾ ಟಕೋಮಾಕ್ಕೆ 113. ಹತ್ತಿರ ಹತ್ತಿರ ದುಪ್ಪಟ್ಟು ವ್ಯತ್ಯಾಸ. ಹಾಗಾಗಿ ಎಲ್ಲ ಗಾಡಿಗೂ ಒಂದೇ ಏರ್ ಗನ್ನಿನಲ್ಲಿ ಗರ್ ಅನ್ನಿಸಿ ಬಿಡುವವರನ್ನು ನಿಲ್ಲಿಸಿ ಕೇಳಿ. ಸ್ಟಡ್‌ಗೆ ಎಣ್ಣೆ, ಗ್ರೀಸ್ ಬೇಡ. ಅದರಿಂದ ನಟ್ ಅಗತ್ಯಕ್ಕಿಂತ ಜಾಸ್ತಿ ಬಿಗಿಯಾಗಿ ಸ್ಟಡ್ ಎಳೆದುಹೋಗುತ್ತದೆ. 80ರಿಂದ 160 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ರೆಂಚ್ ಹಿಡಿಯಿರಿ. ಹೊಸ ರಿಮ್ ಕೂತುಕೊಳ್ಳೋಕೆ ಅಷ್ಟು ಓಟ ಬೇಕು.

ಕೊನೆಗೆ ಸ್ಟೆಪ್ನಿ. ನಾಲ್ಕು ಬದಲಿಸಿ ಐದನೆಯದನ್ನು ಹಳೆಯದೇ ಬಿಡುವುದು ಸಾಮಾನ್ಯ. ಟೈರಿನ ಒಟ್ಟು ಎತ್ತರ ಒಂದೇ ಇದ್ದರೆ ಚಿಂತೆಯಿಲ್ಲ, ಹಳೆಯ ನಟ್‌ಗಳನ್ನು ಮಾತ್ರ ಗಾಡಿಯಲ್ಲೇ ಇಟ್ಟಿರಿ. ಎತ್ತರ ಬೇರೆ ಇದ್ದು, ಆ ಸ್ಟೆಪ್ನಿ ಹಾಕಿಕೊಂಡು ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಹಾಕಿ ಓಡಿಸಿದರೆ ಗೇರ್ ಬಾಕ್ಸಿನ ಪಕ್ಕದ, ಮುಂದಿನ ಹಿಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗಬಹುದು. ಐದೂ ಹೊಸದೇ ತರುತ್ತೀರಾದರೆ ಟ್ರೇ ಕೆಳಗೆ ಒಮ್ಮೆ ಬಗ್ಗಿ ನೋಡಿ. ಸ್ಟೆಪ್ನಿಯನ್ನು ಸರಪಳಿಯೋ ಕೇಬಲ್ಲೋ ಎತ್ತಿ ಹಿಡಿದಿರುತ್ತದೆ, ಅದರ ತುದಿಯ ಪ್ಲೇಟು ರಿಮ್‌ನ ನಡು ತೂತಿನಲ್ಲಿ ಸಿಕ್ಕಿಕೊಳ್ಳಬೇಕು. ಹೊಸ ರಿಮ್‌ನ ತೂತು ದೊಡ್ಡದಾಗಿದ್ದರೆ ಆ ಪ್ಲೇಟು ಜಾರಿ ಹೊರಬರುತ್ತದೆ. ದುಡ್ಡು ಕೊಡುವ ಮೊದಲೇ ಒಂದು ರಿಮ್ಮನ್ನು ಅಲ್ಲಿ ಹಿಡಿದು ನೋಡಿಬಿಡಿ.

ನಮಸ್ಕಾರ.