ಸ್ಟಾಂಪ್ ಕತ್ತರಿಸಬೇಡಿ, ಕವರ್ ಉಳಿಸಿ

ನೇರವಾಗಿಯೇ ಹೇಳಿಬಿಡುತ್ತೇನೆ. ಮಿಲಿಟರಿ ಅಂಚೆ ಕೂಡಿಸುವ ನಮ್ಮ ಕಡೆಯ ಬಹಳ ಜನ ದುಡ್ಡು ಸುರಿಯುತ್ತಿರುವುದು ತಪ್ಪು ಸಾಮಾನಿನ ಮೇಲೆ.

ಜಪಾನ್ ವಿಷಯವನ್ನೇ ತಗೊಳ್ಳಿ. 1945ರಲ್ಲಿ ಜಪಾನ್ ಸೋತಿತು. ಮುಂದಿನ ವರ್ಷ ಅಮೆರಿಕದವರ ಜೊತೆಗೆ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯೂ ಅಲ್ಲಿ ಹೋಗಿ ಕೂತಿತು. ಬಿಸಿಓಎಫ್, ಅಂದರೆ ಬ್ರಿಟಿಷ್ ಕಾಮನ್‌ವೆಲ್ತ್ ಆಕ್ಯುಪೇಷನ್ ಫೋರ್ಸ್, ಅಂತ ಅದರ ಹೆಸರು. ಆಸ್ಟ್ರೇಲಿಯಾ ತನ್ನ ಏಳು ಸ್ಟಾಂಪುಗಳ ಮೇಲೆ ‘ಬಿಸಿಓಎಫ್ ಜಪಾನ್ 1946’ ಅಂತ ಅಚ್ಚು ಒತ್ತಿ ಅಲ್ಲಿ ಮಾರಿತು. ಇದರ ಹಿಂದೆ ಒಂದು ತಮಾಷೆ ಇದೆ. ಸೈನಿಕರು ಜಪಾನಿನಲ್ಲಿ ಸಂಪಾದಿಸಿದ ಯೆನ್ ಕೊಟ್ಟು ಸ್ಟಾಂಪ್ ಕೊಳ್ಳುತ್ತಿದ್ದರು. ಅದನ್ನು ಊರಿಗೆ ಕಳಿಸಿದರೆ ಅಲ್ಲಿ ದುಡ್ಡು. ಕಾಳಸಂತೆಯ ಕಾಸು ಹಾಗೆ ದೇಶ ದಾಟುತ್ತಿತ್ತು. ಅದನ್ನು ತಡೆಯಲು ಈ ಅಚ್ಚು ಬಂತು. 1946ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ಮೂರು ಸ್ಟಾಂಪುಗಳನ್ನು ಎರಡೇ ದಿನಕ್ಕೆ ವಾಪಸ್ ತಗೊಂಡರು. ಪೂರ್ತಿ ಏಳು ಹೊರಬಂದದ್ದು 1947ರ ಮೇನಲ್ಲಿ.

ಈಗ ಎಲ್ಲರಿಗೂ ಬೇಕಾಗಿರುವುದು ಅದೇ ಸೆಟ್. ಐದು ಶಿಲ್ಲಿಂಗಿನದು ಸಿಕ್ಕರಂತೂ ಹಬ್ಬ. ನಕಲಿ ಅಚ್ಚೂ ಓಡಾಡುತ್ತದೆ, ಅದು ಬೇರೆ ಮಾತು.

ಆದರೆ ಅದೇ ಪಡೆಯಲ್ಲಿ ನಮ್ಮವರೂ ಇದ್ದರು, ಅಲ್ವಾ? ಭಾರತದ 268ನೇ ಬ್ರಿಗೇಡ್ ಜಪಾನಿನಲ್ಲಿತ್ತು. ಅದನ್ನು ನಡೆಸಿದವರು ಕೊಡಗಿನ ತಿಮ್ಮಯ್ಯನವರು. ಅದರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ತುಕಡಿಯೂ ಇತ್ತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ. 1947ರಲ್ಲಿ ಇವರು ವಾಪಸ್ ಬಂದರು. ಇವರು ಮನೆಗೆ ಬರೆದ ಕಾಗದಗಳನ್ನು ಯಾರು ಕೂಡಿಸುತ್ತಿದ್ದಾರೆ? ಹುಡುಕಿ ನೋಡಿ, ಬೆರಳೆಣಿಕೆ ಜನ.

ಕಾರಣ ಇಷ್ಟೇ, ಆ ಕವರ್ ನೋಡೋಕೆ ಚೆನ್ನಾಗಿಲ್ಲ. ಕಂದು ಬಣ್ಣ, ಮಡಿಕೆ ಬಿದ್ದ ಕಾಗದ, ಮಸುಕಾದ ಒಂದು ದುಂಡು ಸೀಲು. ಆ ಸೀಲಿನಲ್ಲಿ ಊರಿನ ಹೆಸರೂ ಇರುವುದಿಲ್ಲ. ಎಫ್‌ಪಿಓ, ಅಂದರೆ ಫೀಲ್ಡ್ ಪೋಸ್ಟ್ ಆಫೀಸ್, ಒಂದು ನಂಬರ್, ತಾರೀಖು. ಅಷ್ಟೇ. ಪಡೆ ಎಲ್ಲಿದೆ ಅಂತ ಶತ್ರುವಿಗೆ ತಿಳಿಯಬಾರದು ಅಂತ ಹಾಗೆ ಮಾಡಿದ್ದು. ಸೈನ್ಯದಲ್ಲಿರುವ ಮಗನ ವಿಳಾಸ ‘56 ಎಪಿಓ’ (ಎಪಿಓ ಅಂದರೆ ಆರ್ಮಿ ಪೋಸ್ಟ್ ಆಫೀಸ್) ಅಂತ ಮುಗಿಯುವುದನ್ನು ನೋಡಿರುವ ಅಪ್ಪ ಅಮ್ಮಂದಿರಿಗೆ ಇದು ಹೊಸದಲ್ಲ. ಮಗ ಲಡಾಖಿನಲ್ಲಿದ್ದಾನೋ ರಾಜಸ್ಥಾನದಲ್ಲಿದ್ದಾನೋ, ಕವರ್ ಬಾಯಿ ಬಿಡುವುದಿಲ್ಲ.

ನನಗೆ ಹುಚ್ಚು ಹಿಡಿಸಿದ್ದು ಆ ನಂಬರ್. ಫೀಲ್ಡ್ ಪೋಸ್ಟ್ ಆಫೀಸ್ ಅಂದರೆ ಟೂರಿಂಗ್ ಟಾಕೀಸ್ ಇದ್ದ ಹಾಗೆ. ಪಡೆ ಹೊರಟರೆ ಅದೂ ಡೇರೆ ಕಿತ್ತು ಹೊರಡುತ್ತದೆ. ಈ ವರ್ಷ ಬರ್ಮಾದಲ್ಲಿ ಬಿದ್ದ ಸೀಲು ಇನ್ನೊಂದು ವರ್ಷ ಬೇರೆ ದೇಶದಲ್ಲಿ ಬೀಳಬಹುದು. ಹಾಗಾಗಿ ಬರೀ ನಂಬರ್ ಸಾಲದು. ನಂಬರ್, ತಾರೀಖು ಎರಡೂ ಸೇರಿದರೆ ಮಾತ್ರ ಜಾಗ ಗೊತ್ತಾಗುತ್ತದೆ. ಕವರ್ ತಿರುಗಿಸಿದರೆ ಹಿಂದೆ ಊರಿನ ಪೋಸ್ಟ್ ಆಫೀಸಿನ ಸೀಲು ಸಿಗಬಹುದು, ಆಗ ಎಷ್ಟು ದಿನಕ್ಕೆ ತಲುಪಿತು ಅಂತ ಲೆಕ್ಕ ಹಾಕಬಹುದು. ಸೆನ್ಸಾರ್ ಗುರುತಿದ್ದರೆ ಮಧ್ಯದಲ್ಲಿ ಯಾರೋ ಒಬ್ಬ ಅಧಿಕಾರಿ ಆ ಕಾಗದ ಓದಿದ್ದಾನೆ ಅಂತ ಅರ್ಥ. ಕೆಲವು ಕವರ್‌ಗಳ ಮೇಲೆ ಸ್ಟಾಂಪೇ ಇರುವುದಿಲ್ಲ. ಯುದ್ಧಸೇವೆಯಲ್ಲಿ ಇರುವವರಿಗೆ ಎಷ್ಟೋ ಸಲ ಅಂಚೆ ಬಿಟ್ಟಿ.

ಬಂಗಾರಪೇಟೆಯ ಒಬ್ಬ ಗುಜರಿ ಅಂಗಡಿಯವರು ನನಗೆ ಪ್ರೀತಿಯಿಂದಲೇ ಒಂದು ಪೊಟ್ಟಣ ಕೊಟ್ಟರು. ತುಂಬಾ ಸ್ಟಾಂಪು, ಎಲ್ಲ ಚೌಕಾಕಾರವಾಗಿ ಕತ್ತರಿಸಿದ್ದು. ಕವರ್ ಎಲ್ಲಿ ಅಂತ ಕೇಳಿದೆ. ‘ಅದೇನು ಮಾಡ್ತೀರಣ್ಣ, ಬರೀ ಗೀಚು. ತೂಕಕ್ಕೆ ಹಾಕಿಬಿಟ್ಟೆ’ ಅಂದರು. ಅರ್ಧ ಸೀಲು ಮಾತ್ರ ಉಳಿದಿತ್ತು, ನಂಬರ್ ಹೋಗಿತ್ತು. ಅವರನ್ನು ಬೈದು ಏನು ಬಂತು? ಕತ್ತರಿಸಿ ತನ್ನಿ ಅಂತ ಹೇಳಿಕೊಟ್ಟವರು ನಮ್ಮ ಸ್ಟಾಂಪ್ ಪ್ರಿಯರೇ.

ಇನ್ನೊಂದು ಮೋಹ ಕೊರಿಯಾದ್ದು. 1953ರಲ್ಲಿ ಯುದ್ಧಕೈದಿಗಳನ್ನು ಕಾಯಲು ಹೋದ ನಮ್ಮ ಪಡೆಗೆ ಅಂತ ಹನ್ನೆರಡು ಸ್ಟಾಂಪುಗಳ ಮೇಲೆ ದೇವನಾಗರಿಯಲ್ಲಿ ಅಚ್ಚು ಒತ್ತಿದರು. ಚೆಂದದ ಸೆಟ್, ಒಪ್ಪುತ್ತೇನೆ. ಆದರೆ ಹನ್ನೆರಡನ್ನೂ ಸಾಲಾಗಿ ಅಂಟಿಸಿ, ನೀಟಾಗಿ ಸೀಲು ಹೊಡೆಸಿದ ಕವರ್ ಯಾವ ಸೈನಿಕನೂ ಹೆಂಡತಿಗೆ ಬರೆದದ್ದಲ್ಲ. ಕಲೆಕ್ಟರ್‌ಗಾಗಿ ಮಾಡಿದ್ದು. ಅದಕ್ಕಿಂತ ಒಂದೇ ಸ್ಟಾಂಪಿನ, ಎಣ್ಣೆ ಕಲೆಯ ಕವರ್‌ಗೆ ನಾನು ಜಾಸ್ತಿ ಕೊಡುತ್ತೇನೆ.

ಕೋಲಾರದಲ್ಲಿ ಕೂತು ಇದೆಲ್ಲ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ. ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ ಇರುವುದು ಬೆಂಗಳೂರಿನ ಹಲಸೂರಿನಲ್ಲಿ, ಕೆಜಿಎಫ್‌ನಿಂದ ರೈಲು ಹತ್ತಿದರೆ ಬೆಂಗಳೂರು ಎಷ್ಟು ದೂರ? ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಊರ್ಗಾಂ ಕಡೆ ಮನೆ ಖಾಲಿ ಮಾಡುವಾಗ ತಗಡಿನ ಪೆಟ್ಟಿಗೆಯ ತಳ ಸುಮ್ನೆ ಒಂದು ಸಲ ನೋಡಿ. ಸಿಕ್ಕರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆಯಿರಿ. ತಾತ ಯಾವ ರೆಜಿಮೆಂಟಿನಲ್ಲಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ, ಬೇರೆ ಚೀಟಿಯಲ್ಲಿ ಬರೆದಿಡಿ. ಒಳಗಿನ ಕಾಗದವನ್ನು ಮಾತ್ರ ವಾಟ್ಸಾಪಿಗೆ ಹಾಕಬೇಡಿ. ಅದರಲ್ಲಿ ಸಾಲದ ವಿಷಯ ಇರುತ್ತದೆ, ಅತ್ತೆ ಸೊಸೆ ಜಗಳ ಇರುತ್ತದೆ. ನಮಗೆ ಬೇಕಾದ್ದು ಕವರ್.