ಹಲ್ಲಿನ ಯಾವ ಭಾಗ ಕಡಲಿನ ಸಾಕ್ಷಿ?

ನಮಸ್ಕಾರ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಟ್ರಯಾಸಿಕ್ ಯುಗದ ಶುರುವಿನಲ್ಲಿ, ಭೂಮಧ್ಯರೇಖೆಯ ಕಡೆಯ ಕಡಲಿನ ಮೇಲ್ನೀರು 40 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಿಸಿಯಾಗಿತ್ತು. ಈ ಮಾತನ್ನು ನೀವು ಎಲ್ಲೋ ಓದಿರಬಹುದು. ದಕ್ಷಿಣ ಚೀನಾದ ಕಲ್ಲುಗಳನ್ನು ಇಟ್ಟುಕೊಂಡು 2012ರಲ್ಲಿ ವಿಜ್ಞಾನಿಗಳು ಹೇಳಿದ್ದು ಅದು. ಆ ಕಾಲದ ನೀರು ಈಗ ಎಲ್ಲೂ ಇಲ್ಲ. ಹಾಗಾದರೆ ಬಿಸಿ ಅಳೆದದ್ದು ಯಾವುದರಲ್ಲಿ? ಒಂದು ಮಿಲಿಮೀಟರ್ ಆಸುಪಾಸಿನ ಹಲ್ಲುಗಳಲ್ಲಿ. ಅವುಗಳ ಹೆಸರು ಕೊನೊಡಾಂಟ್.

ಇಂಥ ಅಂಕಿಗಳನ್ನು ನಂಬಬೇಕೋ ಬೇಡವೋ ಅನ್ನೋದು ಇವತ್ತಿನ ಮಾತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಲ್ಲಿನ ಯಾವ ಅಂಗಾಂಶದಿಂದ ಅಳತೆ ತೆಗೆದರು ಅಂತ ಹೇಳದ ಅಂಕಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಕೆಲವು ಸಲ ಅರ್ಧವೂ ಇಲ್ಲ.

ಈ ಹಲ್ಲುಗಳನ್ನು 1856ರಲ್ಲಿ ಮೊದಲು ವಿವರಿಸಿದವರು ಕ್ರಿಶ್ಚಿಯನ್ ಪಾಂಡರ್. ಮೀನಿನ ಹಲ್ಲು ಅಂದುಕೊಂಡಿದ್ದರು. ಪ್ರಾಣಿಯ ಮೈ ಹೇಗಿತ್ತು ಅಂತ ಗೊತ್ತಾಗಲು 1983ರ ತನಕ ಕಾಯಬೇಕಾಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ಪಕ್ಕದ ಗ್ರಾಂಟನ್‌ನ ಕಲ್ಲಿನಲ್ಲಿ ಅದರ ಮೆತ್ತನೆಯ ದೇಹದ ಗುರುತು ಸಿಕ್ಕಿತು. ಹಾವುಮೀನಿನಂಥ, ಕೆಲವೇ ಸೆಂಟಿಮೀಟರ್ ಉದ್ದದ ಪ್ರಾಣಿ. ಕೇಂಬ್ರಿಯನ್ ಯುಗದಿಂದ ಟ್ರಯಾಸಿಕ್ ಕೊನೆಯವರೆಗೆ, ಹತ್ತಿರಹತ್ತಿರ 30 ಕೋಟಿ ವರ್ಷ ಕಡಲಿನಲ್ಲಿ ಬಾಳಿತು. ನಮ್ಮ ಶಹಾಬಾದ್ ಕಲ್ಲಿನಲ್ಲಿ ಇದನ್ನು ಹುಡುಕಿ ಪ್ರಯೋಜನ ಇಲ್ಲ, ಆ ಕಲ್ಲು ಈ ಪ್ರಾಣಿಗಿಂತ ಎಷ್ಟೋ ಹಳೆಯದು.

ಹಲ್ಲನ್ನು ಹೊರತೆಗೆಯೋದು ತಾಳ್ಮೆಯ ಕೆಲಸ. ಸುಣ್ಣದಕಲ್ಲನ್ನು ಕಿಲೋಗಟ್ಟಲೆ ತಂದು ತೆಳು ಅಸಿಟಿಕ್ ಆಮ್ಲದಲ್ಲಿ ನೆನೆಹಾಕುತ್ತಾರೆ. ಸುಣ್ಣ ಕರಗಿ ಹೋಗುತ್ತದೆ. ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್, ಹಾಗಾಗಿ ಉಳಿಯುತ್ತದೆ. ಉಳಿದದ್ದನ್ನು ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದಿಂದ ಒಂದೊಂದಾಗಿ ಎತ್ತುತ್ತಾರೆ.

ಈಗ ಆ ಒಂದು ಹಲ್ಲನ್ನು ಸರಿಯಾಗಿ ನೋಡೋಣ. ಬಿಸಿ ತಗಲದೆ ಉಳಿದದ್ದಾದರೆ ಮೇಲಿನ ಬಹುಭಾಗ ಜೇನಿನ ಬಣ್ಣ, ಬೆಳಕು ಹಾಯುತ್ತದೆ. ಪದರದ ಮೇಲೆ ಪದರ ಬೆಳೆದ ಸಣ್ಣ ಗೆರೆಗಳು ಕಾಣುತ್ತವೆ. ಇದು ಗಾಜಿನಂಥ ಅಂಗಾಂಶ. ಮೊನೆಗಳ ಒಳಗೆ ಬೆಳಕು ಹಾಯದ ಬಿಳಿ ಭಾಗ ಇರುತ್ತದೆ. ಇದನ್ನು ಬಿಳಿ ಅಂಗಾಂಶ ಅನ್ನೋಣ. ಕೆಳಗಿನ ಕುಳಿಯಲ್ಲಿ ಮಂಕಾದ ತಳದ ಅಂಗಾಂಶ. ಎಷ್ಟೋ ಸಲ ಅದು ಮುರಿದು ಬಿದ್ದೇ ಹೋಗಿರುತ್ತದೆ.

ಮೂರೂ ಒಂದೇ ಖನಿಜ, ಆದರೆ ಕಟ್ಟಡ ಬೇರೆ ಬೇರೆ. ತಳದ ಅಂಗಾಂಶದ ಹರಳುಗಳು ತೀರಾ ಸಣ್ಣವು, ನಡುವೆ ಸಂದುಗಳು ಜಾಸ್ತಿ. ಇಟ್ಟಿಗೆ ನೀರು ಕುಡಿಯುವ ಹಾಗೆ ಅದು ಕೆಸರಿನ ನೀರನ್ನು ಕುಡಿಯುತ್ತದೆ. ಗಾಜಿನಂಥ ಭಾಗ ಅದಕ್ಕಿಂತ ಗಟ್ಟಿ, ಆದರೂ ಪದರಗಳ ನಡುವೆ ನೀರಿಗೆ ದಾರಿ ಇದೆ. ಬಿಳಿ ಭಾಗದ ಕಥೆ ಸ್ವಾರಸ್ಯದ್ದು. ಅದು ಬಿಳಿ ಕಾಣೋದು ಒಳಗೆ ಸಣ್ಣ ಸಣ್ಣ ರಂಧ್ರಗಳಿರುವುದರಿಂದ. ರಂಧ್ರ ಇದ್ದರೆ ನೀರು ನುಗ್ಗಬೇಕು ಅಲ್ವಾ? ಇಲ್ಲ. 2007ರಲ್ಲಿ ಜೂಲಿ ಟ್ರಾಟರ್ ಮತ್ತು ಜೊತೆಗಾರರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿದ್ದದ್ದು ದೊಡ್ಡ ದೊಡ್ಡ ಹರಳುಗಳು. ರಂಧ್ರಗಳು ಆ ಹರಳುಗಳೊಳಗೆ ಸೆರೆಯಾಗಿವೆ. ಹೊರಗಿನ ನೀರು ಒಳಗೆ ಬರೋದು ಕಷ್ಟ. ಅದಕ್ಕೂ ಮುಂಚೆ ಲೇಸರ್ ಹಾಯಿಸಿ ಅಂಗಾಂಶಗಳನ್ನು ಬೇರೆ ಬೇರೆಯಾಗಿ ಅಳೆದಾಗಲೂ ಇದಕ್ಕೆ ಹೊಂದುವ ಫಲಿತಾಂಶವೇ ಬಂದಿತ್ತು. ಹೊರಗಿನಿಂದ ಸೇರಿದ ಧಾತುಗಳು ಬಿಳಿ ಭಾಗದಲ್ಲಿ ಕಡಿಮೆ.

ಇಲ್ಲಿಂದ ನನ್ನ ತಕರಾರು ಶುರು. ರೇರ್ ಅರ್ಥ್ ಧಾತುಗಳು ಅಂತ ಲೋಹಗಳ ಒಂದು ಗುಂಪಿದೆ. ಅವನ್ನು ತೆಗೆದುಕೊಳ್ಳಿ, ಅದರಲ್ಲೂ ಸೀರಿಯಂ. ಕಡಲಿನಲ್ಲಿ ಆಕ್ಸಿಜನ್ ಚೆನ್ನಾಗಿದ್ದರೆ ಸೀರಿಯಂ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತದೆ, ನೀರಿನಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಹಲ್ಲಿನಲ್ಲಿ ಸೀರಿಯಂ ಕಡಿಮೆ ಇದ್ದರೆ ಕಡಲಿಗೆ ಉಸಿರಿತ್ತು, ಕಡಿಮೆ ಇಲ್ಲದಿದ್ದರೆ ಕಡಲು ಉಸಿರುಗಟ್ಟಿತ್ತು ಅಂತ ಬರೆದುಬಿಡುತ್ತಾರೆ. ಲೆಕ್ಕ ಚೆಂದವಾಗಿದೆ. ಆದರೆ ಜೀವಂತ ಮೀನಿನ ಹಲ್ಲಿನಲ್ಲಿ ರೇರ್ ಅರ್ಥ್ ಧಾತುಗಳು ಇದ್ದೂ ಇಲ್ಲದಷ್ಟು. ಪಳೆಯುಳಿಕೆಯ ಹಲ್ಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ ನೂರಾರು ಭಾಗ. ಅಂದರೆ ಹೆಚ್ಚುಕಡಿಮೆ ಎಲ್ಲವೂ ಸತ್ತ ಮೇಲೆ ಸೇರಿದ್ದು. ಎಲ್ಲಿಂದ? ಹಲ್ಲು ಹೂತುಹೋದ ಕೆಸರಿನ ನೀರಿನಿಂದ, ಪಕ್ಕದ ಜೇಡಿಯಿಂದ. ಇನ್ನೊಂದು ಸುಳಿವೂ ಇದೆ. ಕಡಲ ನೀರಿನಲ್ಲಿ ಥೋರಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಲ್ಲಿನಲ್ಲಿ ಥೋರಿಯಂ ಜಾಸ್ತಿ ಸಿಕ್ಕರೆ ಅದು ಜೇಡಿಮಣ್ಣಿನ ಕೊಡುಗೆ ಅಂತಲೇ ಲೆಕ್ಕ.

ಇಡೀ ಹಲ್ಲನ್ನು ಕರಗಿಸಿ ಅಳೆದಾಗ ಮೂರು ಅಂಗಾಂಶಗಳೂ ಸೇರಿಹೋಗುತ್ತವೆ. ತಳದ ಅಂಗಾಂಶ ಚೂರೇ ಅಂಟಿಕೊಂಡಿದ್ದರೂ ಸಾಕು, ಧಾತುಗಳು ತುಂಬಿರುವ ಅದರ ಮಾತೇ ಮೇಲಾಗುತ್ತದೆ. ಆ ಅಂಕಿ ಹೇಳೋದು ಕೆಸರಿನ ವಿಷಯವನ್ನು. ಅದಕ್ಕೆ ಕಡಲಿನ ಹೆಸರಿಟ್ಟು, ಪ್ರಾಣಿಗಳು ಯಾಕೆ ಸತ್ತವು ಅಂತ ಅದರ ಮೇಲೆ ತೀರ್ಮಾನ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ.

"ಬಣ್ಣ ನೋಡಿ, ಕೆಡದ ಹಲ್ಲುಗಳನ್ನೇ ಆರಿಸಿದ್ದೇವೆ" ಅಂತ ಅಳೆಯುವವರು ಕೊಡುವ ಸಮಾಧಾನ ಒಂದಿದೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಅನಿಟಾ ಎಪ್‌ಸ್ಟೀನ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದ್ದು ಇದು: ಬಿಸಿ ಏರಿದಂತೆ ಹಲ್ಲು ತಿಳಿ ಹಳದಿಯಿಂದ ಕಂದಾಗುತ್ತದೆ, 300 ಡಿಗ್ರಿ ದಾಟಿದರೆ ಕಪ್ಪಾಗುತ್ತದೆ. ಅದ್ಭುತ ಕೆಲಸ, ತೈಲ ಹುಡುಕುವವರಿಗೂ ಉಪಯೋಗಕ್ಕೆ ಬಂತು. ಆದರೆ ಬಣ್ಣ ಹೇಳೋದು ಬಿಸಿಯ ಕಥೆ. ರೇರ್ ಅರ್ಥ್ ಸೇರಲು ಬಿಸಿ ಬೇಕಿಲ್ಲ, ತಣ್ಣಗಿನ ಕೆಸರಿನಲ್ಲೇ ಸೇರುತ್ತದೆ. ತಿಳಿ ಹಳದಿ ಹಲ್ಲೂ ಅದನ್ನು ತುಂಬಿಕೊಂಡಿರಬಹುದು.

ಹಾಗಾದರೆ 40 ಡಿಗ್ರಿಯ ಮಾತೂ ಸುಳ್ಳಾ? ಅದನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಅದು ಆಕ್ಸಿಜನ್ ಐಸೋಟೋಪ್‌ಗಳ, ಅಂದರೆ ತೂಕ ಬೇರೆ ಬೇರೆಯಾದ ಆಕ್ಸಿಜನ್ ಪರಮಾಣುಗಳ ಅಳತೆ. ಹಲ್ಲಿನಲ್ಲಿ ಅವುಗಳ ಪ್ರಮಾಣ ನೀರಿನ ಬಿಸಿಗೆ ತಕ್ಕಂತೆ ಬದಲಾಗುತ್ತದೆ. ಆಕ್ಸಿಜನ್ ಹಲ್ಲಿಗೆ ಆಮೇಲೆ ಸೇರಿದ ಅತಿಥಿ ಅಲ್ಲ, ಫಾಸ್ಫೇಟಿನ ಒಳಗೇ ಇದೆ. ರಂಜಕದ ಜೊತೆಗಿನ ಅದರ ಕೊಂಡಿ ಬಲವಾದದ್ದು, ಬರೀ ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಟ್ರಯಾಸಿಕ್‌ಗಿಂತ ಎಷ್ಟೋ ಹಿಂದಿನ ಆರ್ಡೊವಿಷಿಯನ್ ಯುಗದ ಕಡಲು 40 ಡಿಗ್ರಿ ದಾಟಿದ ಬಿಸಿಯಿಂದ ಇಂದಿನ ಮಟ್ಟಕ್ಕೆ ತಣ್ಣಗಾಯಿತು ಅಂತ 2008ರಲ್ಲಿ ಟ್ರಾಟರ್ ತಂಡ ಹೇಳಿದ್ದೂ ಹೀಗೇ ಅಳೆದು. ಅಯಾನು ಕಿರಣದಿಂದ ಹಲ್ಲಿನ ಮೇಲೆ ಒಂದೊಂದೇ ಚುಕ್ಕೆ ಆರಿಸಿ ಮಾಡಿದ ಕೆಲಸ. ಇಂಥದ್ದನ್ನು ನಾನು ಮೆಚ್ಚುತ್ತೇನೆ, ಯಾಕಂದ್ರೆ ಚುಕ್ಕೆ ಎಲ್ಲಿತ್ತು ಅಂತ ಬೇರೆಯವರು ಹೋಗಿ ನೋಡಬಹುದು.

ಇಲ್ಲೂ ಒಂದು ಎಚ್ಚರಿಕೆ ಬೇಕು. ಐಸೋಟೋಪ್‌ಗಳ ಪ್ರಮಾಣ ಸಾವಿರಕ್ಕೆ ಒಂದು ಭಾಗ ಆಚೀಚೆ ಆದರೆ ಉಷ್ಣಾಂಶದಲ್ಲಿ ನಾಲ್ಕು ಡಿಗ್ರಿಗೂ ಜಾಸ್ತಿ ವ್ಯತ್ಯಾಸ. ಎಲ್ಲರೂ ಹೋಲಿಸಿ ನೋಡುವ ಫ್ಲಾರಿಡಾದ ಫಾಸ್ಫೇಟ್ ಮಾದರಿಗೇ ಕೆಲವರು ಸಾವಿರಕ್ಕೆ 21.7 ಅಂತ ಹಿಡಿದರು, ಕೆಲವರು 22.6 ಅಂತ. ಅಷ್ಟರಲ್ಲೇ ನಾಲ್ಕು ಡಿಗ್ರಿ ಹೋಯಿತು. ಎರಡು ಪ್ರಯೋಗಾಲಯಗಳ ಅಂಕಿಗಳನ್ನು ಸುಮ್ನೆ ಒಂದೇ ಗೆರೆಯಲ್ಲಿ ಜೋಡಿಸಬಾರದು.

ಎಲ್ಲರೂ ಬಿಳಿ ಅಂಗಾಂಶವನ್ನೇ ಅಳೆಯಲಿ ಅಂತ ನಾನು ಹೇಳುತ್ತಿಲ್ಲ. ಕೆಲವು ಕೊನೊಡಾಂಟ್‌ಗಳಲ್ಲಿ ಅದು ಇರುವುದೇ ಇಲ್ಲ. ನಾನು ಕೇಳೋದು ಇಷ್ಟು: ಹಲ್ಲಿನ ಚಿತ್ರ ಹಾಕಿ, ಚುಕ್ಕೆ ಯಾವ ಅಂಗಾಂಶದಲ್ಲಿತ್ತು ಗುರುತು ಮಾಡಿ, ಬಣ್ಣ ಎಷ್ಟು ಬಿಸಿ ತೋರಿಸುತ್ತದೆ ಅನ್ನುವ ಅಂಕಿ ಕೊಡಿ, ಥೋರಿಯಂ ಎಷ್ಟಿತ್ತು ಹೇಳಿ. ನಮ್ಮ ಹಿಮಾಲಯದ ಸ್ಪಿತಿಯಲ್ಲಿ, ಮೂಡ್ ಊರಿನ ಹತ್ತಿರ, ಅದೇ ಟ್ರಯಾಸಿಕ್ ಶುರುವಿನ ಕಲ್ಲುಗಳಿವೆ, ಕೊನೊಡಾಂಟ್‌ಗಳೂ ಸಿಗುತ್ತವೆ. ಪರ್ವತ ಎದ್ದಾಗ ಮಡಿಚಿ, ಒತ್ತಡ ತಿಂದ ಸೀಮೆ ಅದು. ಅಲ್ಲಿನ ಹಲ್ಲುಗಳ ಬಗ್ಗೆ ಬರೆಯುವಾಗ ಈ ನಾಲ್ಕನ್ನೂ ಮೊದಲ ಪುಟದಲ್ಲೇ ಹಾಕಬೇಕು.